ಹಳೆಯ ಫಿಲ್ಮಿನಲ್ಲಿರುವ ಆ ಅಧಿಕಾರಿ ನಿಜಕ್ಕೂ ರೆಡ್ ಬ್ಯಾರನ್ನೇ?

ಪ್ರಶ್ನೆ: ಮೊದಲ ಮಹಾಯುದ್ಧದ ಬಗ್ಗೆ ದಶಕಗಳ ಹಿಂದೆ ತಯಾರಾದ ಸಾಕ್ಷ್ಯಚಿತ್ರವೊಂದರಲ್ಲಿ ಸುಮಾರು ಅರ್ಧ ನಿಮಿಷದ ಮೂಕ ದೃಶ್ಯವೊಂದಿದೆ. ಮೂರು ರೆಕ್ಕೆಗಳ ಜರ್ಮನ್ ಯುದ್ಧವಿಮಾನದ ಪಕ್ಕದಲ್ಲಿ, ಬೆತ್ತ ಹಿಡಿದ ತೆಳ್ಳಗಿನ ಯುವ ಅಧಿಕಾರಿಯೊಬ್ಬ ಸಂಗಡಿಗರೊಡನೆ ನಗುತ್ತ ನಿಂತಿದ್ದಾನೆ. ಕೊರಳಲ್ಲಿ ಶಿಲುಬೆಯಾಕಾರದ ಪದಕವಿದೆ, ಕಾಲ ಬಳಿ ದೊಡ್ಡ ನಾಯಿಯಿದೆ. ‘ಕೊನೆಯ ಹಾರಾಟದ ಮುನ್ನಾದಿನ ರೆಡ್ ಬ್ಯಾರನ್, ಏಪ್ರಿಲ್ 1918’ ಎಂದು ನಿರೂಪಕ ಹೇಳುತ್ತಾನೆ. ರೆಡ್ ಬ್ಯಾರನ್ ಎಂದರೆ ಕೆಂಪು ವಿಮಾನ ಹಾರಿಸುತ್ತಿದ್ದ ಜರ್ಮನ್ ಪೈಲಟ್ ಮ್ಯಾನ್‌ಫ್ರೆಡ್ ಫಾನ್ ರಿಖ್ಟ್‌ಹೋಫೆನ್. ಇದೇ ದೃಶ್ಯದ ಇನ್ನೊಂದು ಪ್ರತಿಯಲ್ಲಿ ಅದೇ ಅಧಿಕಾರಿ ಎಡಗೈಯಲ್ಲಿ ಸೆಲ್ಯೂಟ್ ಹೊಡೆಯುತ್ತಾನೆ. ಕೆಂಪಾಗಿರಬೇಕಿದ್ದ ವಿಮಾನ ಎರಡರಲ್ಲೂ ಕಪ್ಪಗೆ ಕಾಣುತ್ತದೆ. ಮುಖ ಗುರುತಿಸುವ ತಂತ್ರಾಂಶವೊಂದು ಈತ ರಿಖ್ಟ್‌ಹೋಫೆನ್ ಎಂದೇ ಹೇಳಿತು. ನಂಬಬಹುದೇ? ಕೆಲವು ಫ್ರೇಮುಗಳನ್ನು ಜೊತೆಗೆ ಕಳಿಸಿದ್ದೇನೆ.

ಉತ್ತರ: ನಿಮ್ಮ ಮೂರು ಅನುಮಾನಗಳಿಗೂ ಆಧಾರವಿದೆ. ನಿರೂಪಕ ಹೇಳುವ ದಿನಾಂಕ ತಪ್ಪು. ಎಡಗೈಯ ಸೆಲ್ಯೂಟ್ ಆ ಅಧಿಕಾರಿಯದಲ್ಲ, ಪ್ರತಿ ತೆಗೆದವರದು. ವಿಮಾನವಂತೂ ನೀವು ಕಳಿಸಿದ ಫ್ರೇಮುಗಳನ್ನು ನೋಡಿದರೆ ಕೆಂಪಾಗಿಯೇ ಇರಲಿಲ್ಲ. ಇಷ್ಟಾದರೂ ಆ ಅಧಿಕಾರಿ ಮ್ಯಾನ್‌ಫ್ರೆಡ್ ಫಾನ್ ರಿಖ್ಟ್‌ಹೋಫೆನ್ ಆಗಿರುವ ಸಾಧ್ಯತೆ ಗಟ್ಟಿಯಾಗಿದೆ, ಆದರೆ ಈಗ ನಿಮ್ಮ ಕೈಯಲ್ಲಿರುವ ಪ್ರತಿಯ ಬಲದ ಮೇಲೆ ಅದನ್ನು ಖಚಿತವೆಂದು ಬರೆಯಲಾಗದು. ಈ ತೀರ್ಮಾನಕ್ಕೆ ಬಂದ ದಾರಿಯನ್ನು ವಿವರವಾಗಿ ಹೇಳುತ್ತೇನೆ, ಏಕೆಂದರೆ ಇಂಥ ಪ್ರಶ್ನೆ ಕೇಳುವ ಬಹುಪಾಲು ಜನ ಮುಖದಿಂದ ಶುರುಮಾಡುತ್ತಾರೆ, ಮತ್ತು ಅಲ್ಲಿಯೇ ದಾರಿ ತಪ್ಪುತ್ತದೆ. ಮೊದಲು ದೃಶ್ಯದ ಕಾಲವನ್ನು, ಆಮೇಲೆ ಸ್ಥಳವನ್ನು, ಆ ಕಾಲಕ್ಕೆ ಆ ಸ್ಥಳದಲ್ಲಿ ಯಾರು ಯಾರು ಇದ್ದರೆಂಬುದನ್ನು ಗೊತ್ತುಮಾಡಿಕೊಂಡು, ಉಳಿದ ಮೂರೋ ನಾಲ್ಕೋ ಜನರ ನಡುವೆ ಆರಿಸುವಾಗ ಮಾತ್ರ ಮುಖವನ್ನು ಸಾಕ್ಷಿಗೆ ಕರೆಯಬೇಕು.

ಮುಖ ಏಕೆ ಇಷ್ಟು ದುರ್ಬಲ ಸಾಕ್ಷಿ ಎಂಬುದಕ್ಕೆ ನಿಮ್ಮ ಫ್ರೇಮಿನದೇ ಲೆಕ್ಕ ಸಾಕು. ನೀವು ಕಳಿಸಿದ್ದು ಹಳೆಯ ಟಿವಿ ಪ್ರಸಾರದ ಪ್ರತಿ. ಅದರಲ್ಲಿ ಚಿತ್ರದ ಎತ್ತರಕ್ಕೆ ಸಿಗುವುದು 576 ಗೆರೆಗಳು. ಅಧಿಕಾರಿ ಚೌಕಟ್ಟಿನ ಅರ್ಧದಷ್ಟು ಎತ್ತರಕ್ಕೆ ಕಾಣುತ್ತಾನೆ, ಅಂದರೆ ಸುಮಾರು 288 ಗೆರೆ. ಮನುಷ್ಯನ ತಲೆ ಅವನ ಎತ್ತರದ ಏಳರಲ್ಲಿ ಅಥವಾ ಎಂಟರಲ್ಲಿ ಒಂದು ಪಾಲು ಇರುವುದರಿಂದ ಇಡೀ ತಲೆಗೆ ಬರುವುದು ಸುಮಾರು 40 ಗೆರೆಗಳಷ್ಟೇ. ಟೋಪಿಯನ್ನೂ ಅದರ ಅಂಚಿನ ನೆರಳನ್ನೂ ಕಳೆದರೆ ಮುಖಕ್ಕೆ 25ರ ಆಸುಪಾಸು ಉಳಿಯುತ್ತದೆ. ಕಣ್ಣಿನ ಪಾಲಿಗೆ ಎರಡೋ ಮೂರೋ ಗೆರೆ. ಇಷ್ಟು ಕಡಿಮೆ ಮಾಹಿತಿಯಲ್ಲಿ ಇಪ್ಪತ್ತರ ಹರೆಯದ, ತೆಳ್ಳನೆಯ, ಮೀಸೆಯಿಲ್ಲದ, ಒಂದೇ ಬಗೆಯ ಟೋಪಿ ಹಾಕಿಕೊಂಡ ಯಾವ ಇಬ್ಬರು ಅಧಿಕಾರಿಗಳೂ ಅಣ್ಣತಮ್ಮಂದಿರಂತೆ ಕಾಣುತ್ತಾರೆ. ಇಲ್ಲಿಯಂತೂ ನಿಜವಾದ ತಮ್ಮನೇ ಒಬ್ಬನಿದ್ದಾನೆ, ಅವನ ವಿಷಯಕ್ಕೆ ಆಮೇಲೆ ಬರುತ್ತೇನೆ.

ತಂತ್ರಾಂಶದ ಮಾತನ್ನು ಎಷ್ಟರಮಟ್ಟಿಗೆ ಕೇಳಬೇಕು ಎಂಬುದೂ ಇದರಿಂದಲೇ ತಿಳಿಯುತ್ತದೆ. ಅದು ತನಗೆ ಕೊಟ್ಟ ಚಿತ್ರಗಳಲ್ಲಿ ಯಾವುದು ಹೆಚ್ಚು ಹೋಲುತ್ತದೆ ಎಂದು ಹೇಳುತ್ತದೆಯೇ ಹೊರತು, ಈತ ಇಂಥವನೇ ಎಂದು ಹೇಳುವುದಿಲ್ಲ. ಮೊದಲ ಯುದ್ಧದ ಜರ್ಮನ್ ಪೈಲಟ್‌ಗಳಲ್ಲಿ ರಿಖ್ಟ್‌ಹೋಫೆನ್‌ನಷ್ಟು ಚಿತ್ರಗಳು ಹರಡಿರುವ ವ್ಯಕ್ತಿ ಬೇರೊಬ್ಬನಿಲ್ಲ. ಹೋಲಿಕೆಗೆ ಆತನ ಹತ್ತಾರು ಚಿತ್ರ ಇದ್ದು ಸಹ ಪೈಲಟ್‌ಗಳ ಒಂದೂ ಇಲ್ಲದಿದ್ದರೆ ಉತ್ತರ ಮೊದಲೇ ಗೊತ್ತಾದ ಹಾಗೆ. ಅದಕ್ಕಿಂತ ದೊಡ್ಡ ಅಪಾಯ, ತಂತ್ರಾಂಶಕ್ಕೆ ಕೊಡುವ ಮೊದಲು ಫ್ರೇಮನ್ನು ಕೃತಕ ಬುದ್ಧಿಮತ್ತೆಯಿಂದ ‘ಸ್ಪಷ್ಟ’ಗೊಳಿಸುವುದು. ನೀವು ಕಳಿಸಿದವುಗಳಲ್ಲಿ ಎರಡು ಫ್ರೇಮುಗಳು ಹಾಗೆ ಹೊಳಪು ಪಡೆದಿವೆ. ಆ ಎರಡರಲ್ಲಿ ರೆಪ್ಪೆಗೂದಲು ಎಣಿಸುವಷ್ಟು ಚೆನ್ನಾಗಿದೆ, ಆದರೆ ಪಕ್ಕದವನ ಎದೆಯ ಗುಂಡಿಗಳು ಬಟ್ಟೆಯೊಳಗೆ ಕರಗಿಹೋಗಿವೆ. ಮೂಲದಲ್ಲಿ ಇಲ್ಲದ ರೆಪ್ಪೆಗೂದಲನ್ನು ಯಂತ್ರ ತಾನೇ ಊಹಿಸಿ ಬರೆದಿದೆ. ಅಂಥ ಚಿತ್ರ ಗುರುತಿಸುವ ಕೆಲಸಕ್ಕೆ ಬಾರದು, ಅವೆರಡನ್ನೂ ಪಕ್ಕಕ್ಕಿಡಿ.

ಈಗ ಫಿಲ್ಮಿನ ವಿಷಯ. ಎಡಗೈ ಸೆಲ್ಯೂಟಿಗೆ ಕಾರಣ ಸರಳ: ನೆಗೆಟಿವ್ ಅಥವಾ ಪ್ರಿಂಟನ್ನು ತಿರುಗುಮುರುಗಾಗಿ ಹಾಕಿ ಪ್ರತಿ ತೆಗೆದರೆ ಬಲ ಎಡವಾಗುತ್ತದೆ. ಕೆಲವೊಮ್ಮೆ ಇದು ಅಜಾಗರೂಕತೆ. ಕೆಲವೊಮ್ಮೆ ಸಂಕಲನಕಾರರು ಹಿಂದಿನ ದೃಶ್ಯದಲ್ಲಿ ವಿಮಾನ ಬಲಕ್ಕೆ ಹೋಯಿತು, ಇಲ್ಲಿಯೂ ಬಲಕ್ಕೇ ನೋಡಲಿ ಎಂದು ಬೇಕೆಂದೇ ಮಾಡುತ್ತಾರೆ. ಯಾವ ಪ್ರತಿ ಸರಿ ಎಂದು ಗೊತ್ತುಮಾಡಲು ಸೆಲ್ಯೂಟ್ ಒಂದನ್ನೇ ನಂಬಬೇಕಿಲ್ಲ. ಮೊದಲ ದರ್ಜೆಯ ಐರನ್ ಕ್ರಾಸ್ ಪದಕವನ್ನು ಎದೆಯ ಎಡಭಾಗದಲ್ಲಿ ಧರಿಸುತ್ತಿದ್ದರು. ವಿಮಾನದ ಮೈಮೇಲಿನ ಅಕ್ಷರ ಮತ್ತು ಅಂಕಿಗಳು ಅರೆಬರೆ ಕಂಡರೂ ದಿಕ್ಕು ಹೇಳಿಬಿಡುತ್ತವೆ. ನಿಮ್ಮ ಮೊದಲ ಪ್ರತಿಯಲ್ಲಿ ಬಲಬದಿಯಲ್ಲಿ ನಿಂತ ಹಿರಿಯ ಅಧಿಕಾರಿಯ ಪದಕ ಅವರ ಎಡ ಎದೆಯ ಮೇಲಿದೆ. ಹಾಗಾಗಿ ಅದೇ ಸರಿಯಾದ ಪ್ರತಿ. ಇದನ್ನು ಮೊದಲೇ ಇತ್ಯರ್ಥ ಮಾಡಿಕೊಳ್ಳದೆ ಮುಖ ಹೋಲಿಸಲು ಕೂತರೆ ಬೈತಲೆ, ಮಚ್ಚೆ, ಗಾಯದ ಗುರುತು ಎಲ್ಲವೂ ತಪ್ಪು ಕೆನ್ನೆಗೆ ಹೋಗುತ್ತವೆ.

ವೇಗವೂ ತಿದ್ದಿದ್ದೇ. ಆ ಕಾಲದಲ್ಲಿ ಕ್ಯಾಮೆರಾವನ್ನು ಕೈಯಿಂದ ತಿರುಗಿಸುತ್ತಿದ್ದರು. ಸೆಕೆಂಡಿಗೆ 16ರಿಂದ 18 ಫ್ರೇಮು ಸಾಮಾನ್ಯ, ಆದರೂ ಅದು ತಿರುಗಿಸುವವನ ಕೈಯ ಲಯವನ್ನು ಅವಲಂಬಿಸಿತ್ತು. ಧ್ವನಿ ಬಂದ ಮೇಲೆ ವೇಗ 24ಕ್ಕೆ ನಿಂತಿತು. ಹಳೆಯದನ್ನು ಹಾಗೇ ಓಡಿಸಿದರೆ ಮನುಷ್ಯರು ಪುಟಪುಟನೆ ನಡೆಯುತ್ತಾರೆ. ಅದನ್ನು ತಪ್ಪಿಸಲು ಎರಡು ಫ್ರೇಮಿಗೊಮ್ಮೆ ಒಂದನ್ನು ಎರಡು ಸಲ ಮುದ್ರಿಸಿ 16ನ್ನು 24ಕ್ಕೆ ಹಿಗ್ಗಿಸುವ ಪದ್ಧತಿಯಿತ್ತು. ನಿಮ್ಮ ತುಣುಕಿನಲ್ಲಿ ಮೂರಕ್ಕೊಂದು ಫ್ರೇಮು ಹಿಂದಿನದರ ಪುನರಾವರ್ತನೆಯಾಗಿರುವುದು ಇದೇ ಕಾರಣಕ್ಕೆ. ನಡಿಗೆ ನೋಡಿ ಗುರುತಿಸಿದೆ ಎನ್ನುವವರ ಮಾತನ್ನು ಇಂಥ ಪ್ರತಿಗಳ ಮಟ್ಟಿಗೆ ನಾನು ಗಣನೆಗೆ ತೆಗೆದುಕೊಳ್ಳುವುದಿಲ್ಲ.

ಇದಕ್ಕಿಂತ ಮುಖ್ಯವಾದ ನಷ್ಟ ಇನ್ನೊಂದಿದೆ. ಮೂಕಿ ಕಾಲದ 35 ಮಿಲಿಮೀಟರ್ ಫಿಲ್ಮಿನಲ್ಲಿ ಚಿತ್ರ ಎರಡು ಸಾಲು ರಂಧ್ರಗಳ ನಡುವಿನ ಪೂರ್ತಿ ಅಗಲವನ್ನು, ಅಂದರೆ ಸುಮಾರು 24 ಮಿಲಿಮೀಟರನ್ನು ಆಕ್ರಮಿಸುತ್ತಿತ್ತು. ಧ್ವನಿಯಿರುವ ಪ್ರಿಂಟಿನಲ್ಲಿ ಒಂದು ಅಂಚನ್ನು ಧ್ವನಿಪಟ್ಟಿಗೆ ಬಿಟ್ಟುಕೊಡಬೇಕು. ಮೂಕಿ ದೃಶ್ಯವನ್ನು ಹಾಗೇ ಧ್ವನಿ ಪ್ರಿಂಟಿಗೆ ಇಳಿಸಿದಾಗ ಆ ಅಂಚಿನಲ್ಲಿದ್ದ ಚಿತ್ರ ಕತ್ತರಿಸಿ ಹೋಗುತ್ತದೆ. ನಿಮ್ಮ ತುಣುಕಿನಲ್ಲಿ ವಿಮಾನದ ಬಾಲ ಅರ್ಧಕ್ಕೆ ಮಾಯವಾಗಿರುವುದು ಹೀಗೆಯೇ, ಮತ್ತು ನಮಗೆ ಬೇಕಾದ ಅತಿ ಮುಖ್ಯ ಸುಳಿವು ಇರುವುದು ಆ ಬಾಲದಲ್ಲಿ.

ಬಣ್ಣದ ಪ್ರಶ್ನೆಗೆ ಬರೋಣ. ಆಗಿನ ಚಲನಚಿತ್ರದ ನೆಗೆಟಿವ್ ನೀಲಿ ಮತ್ತು ಹಸಿರು ಬೆಳಕಿಗೆ ಸ್ಪಂದಿಸುತ್ತಿತ್ತು. ಕೆಂಪಿಗೆ ಅದು ಕುರುಡು. ಎಲ್ಲ ಬಣ್ಣಗಳನ್ನೂ ಹಿಡಿಯುವ ಪ್ಯಾನ್‌ಕ್ರೊಮ್ಯಾಟಿಕ್ ಫಿಲ್ಮು ಚಿತ್ರೋದ್ಯಮದಲ್ಲಿ ಬಳಕೆಗೆ ಬಂದದ್ದು 1920ರ ದಶಕದಲ್ಲಿ. ಆದ್ದರಿಂದ 1917–18ರ ಫಿಲ್ಮಿನಲ್ಲಿ ಕಡುಗೆಂಪು ವಿಮಾನ ಹೆಚ್ಚುಕಡಿಮೆ ಕಪ್ಪಾಗಿಯೇ ಕಾಣಬೇಕು, ನೀಲಿ ಆಕಾಶ ಬಿಳಿಯ ಹಾಳೆಯಾಗಬೇಕು, ತಿಳಿನೀಲಿ ಕಣ್ಣು ಬಣ್ಣವೇ ಇಲ್ಲದಂತೆ ಪೇಲವವಾಗಬೇಕು. ಕೊರಳಿನ ಪದಕವೂ ಹೀಗೆಯೇ. ಪ್ರಷ್ಯಾದ ಅತ್ಯುನ್ನತ ಶೌರ್ಯಪದಕವಾಗಿದ್ದ ‘ಪೂರ್ ಲ ಮೆರಿಟ್’ ನೀಲಿ ಎನಾಮೆಲಿನದು. ಪೈಲಟ್‌ಗಳ ಬಾಯಲ್ಲಿ ಅದು ‘ಬ್ಲೂ ಮ್ಯಾಕ್ಸ್’. ಆದರೆ ಈ ಫಿಲ್ಮಿನಲ್ಲಿ ಅದು ತಿಳಿ ಬೂದು ಬಣ್ಣಕ್ಕೆ ತಿರುಗುತ್ತದೆ, ಕಡುನೀಲಿಯನ್ನು ನಿರೀಕ್ಷಿಸಿ ನೋಡಿದವರು ಅದನ್ನು ಬೇರೆ ಪದಕವೆಂದು ಭಾವಿಸುವುದುಂಟು. ಇಷ್ಟರಮಟ್ಟಿಗೆ ‘ಕೆಂಪು ಕಪ್ಪಾಗಿ ಕಂಡಿದೆ’ ಎಂಬ ವಿವರಣೆ ಸಾಧುವೇ. ಆದರೆ ಗಾಢ ಹಸಿರೂ ಇದೇ ಫಿಲ್ಮಿನಲ್ಲಿ ಕಪ್ಪಗೇ ಬರುತ್ತದೆ ಎಂಬುದನ್ನು ಮರೆಯುವಂತಿಲ್ಲ.

ನೀವು ಕಳಿಸಿದ ನಾಲ್ಕನೆಯ ಫ್ರೇಮನ್ನು, ಹೊಳಪು ಕೊಡದ ಮೂಲ ಪ್ರತಿಯಲ್ಲಿ, ದೊಡ್ಡದು ಮಾಡಿ ನೋಡಿ. ಕಾಕ್‌ಪಿಟ್ಟಿನ ಹಿಂದೆ, ಶಿಲುಬೆಯ ಚಿಹ್ನೆಗೂ ಮುಂಚೆ, ಮೈಮೇಲೆ ಓರೆಯಾಗಿ ಇಳಿಯುವ ಗೆರೆಗಳ ಹಾಗಿರುವ ಛಾಯೆಗಳಿವೆ, ಒಂದು ತುಸು ತಿಳಿ, ಪಕ್ಕದ್ದು ತುಸು ಗಾಢ. ಫೋಕರ್ ಕಾರ್ಖಾನೆಯಿಂದ ಹೊರಬರುತ್ತಿದ್ದ ಟ್ರೈಪ್ಲೇನುಗಳಿಗೆ, ಅಂದರೆ ಈ ಮೂರು ರೆಕ್ಕೆಗಳ ವಿಮಾನಗಳಿಗೆ, ಆಲಿವ್ ಹಸಿರು ಬಣ್ಣವನ್ನು ಅಗಲ ಕುಂಚದಿಂದ ಎಳೆದೆಳೆದು ಬಳಿಯುತ್ತಿದ್ದರು, ಆದ್ದರಿಂದ ಆ ಪಟ್ಟೆಗಳು ಉಳಿಯುತ್ತಿದ್ದವು. ಅದರ ಮೇಲೆ ಕೆಂಪು ಬಳಿದಿದ್ದರೆ ಅವು ಮುಚ್ಚಿಹೋಗುತ್ತಿದ್ದವು. ಅಂದರೆ ನಿಮ್ಮ ಅಧಿಕಾರಿ ಕಾರ್ಖಾನೆಯ ಬಣ್ಣದಲ್ಲಿಯೇ ಇರುವ ವಿಮಾನದ ಪಕ್ಕದಲ್ಲಿ ನಿಂತಿದ್ದಾನೆ. 1918ರ ಏಪ್ರಿಲ್ 21ರಂದು ಉತ್ತರ ಫ್ರಾನ್ಸಿನ ಕಾಪಿ ಎಂಬಲ್ಲಿಂದ ಹಾರಿ ರಿಖ್ಟ್‌ಹೋಫೆನ್ ಪ್ರಾಣ ಬಿಟ್ಟ ವಿಮಾನ 425/17 ಸಂಖ್ಯೆಯದು, ಪೂರ್ತಿ ಕೆಂಪು. ಅದಂತೂ ಇದಲ್ಲ.

ಇಲ್ಲಿಯೇ ಒಂದು ಮಾತು ಸೇರಿಸಬೇಕು. ರೆಡ್ ಬ್ಯಾರನ್ ಎಂದೊಡನೆ ಕೆಂಪು ಟ್ರೈಪ್ಲೇನ್ ಕಣ್ಣಿಗೆ ಬರುವುದು ಸಹಜವಾದರೂ ಆತನ 80 ಗೆಲುವುಗಳಲ್ಲಿ, ಅಂದರೆ ಕೆಡವಿದ ಶತ್ರುವಿಮಾನಗಳಲ್ಲಿ, ಸುಮಾರು 20 ಮಾತ್ರ ಈ ಬಗೆಯ ವಿಮಾನದಲ್ಲಿ ಬಂದವು. ಆತ ವಿಮಾನಕ್ಕೆ ಕೆಂಪು ಬಳಿಸಲು ಶುರುಮಾಡಿದ್ದು 1917ರ ಆರಂಭದಲ್ಲಿ, ಆಗ ಹಾರಿಸುತ್ತಿದ್ದದ್ದು ಎರಡು ರೆಕ್ಕೆಗಳ ಆಲ್ಬಾಟ್ರೋಸ್. ಕೆಂಪು ಮತ್ತು ಮೂರು ರೆಕ್ಕೆ ಎರಡೂ ಕಂಡರೆ ಬ್ಯಾರನ್, ಕಾಣದಿದ್ದರೆ ಅಲ್ಲ ಎಂಬ ಲೆಕ್ಕ ಎರಡು ಕಡೆಯೂ ತಪ್ಪು ದಾರಿಗೆ ಒಯ್ಯುತ್ತದೆ.

ಕಾಲವನ್ನು ಇನ್ನೂ ಬಿಗಿಯಾಗಿ ಕಟ್ಟಿಹಾಕಲು ಮೂರು ಸುಳಿವುಗಳಿವೆ. ಒಂದು, ರೆಕ್ಕೆ ಮತ್ತು ಮೈಮೇಲಿನ ಶಿಲುಬೆಯ ತೋಳುಗಳು ತುದಿಯಲ್ಲಿ ಅಗಲವಾಗುವ ಹಳೆಯ ಮಾದರಿಯವು. ನೇರ ಅಂಚಿನ ಶಿಲುಬೆಗೆ ಬದಲಾಯಿಸುವ ಆದೇಶ ಬಂದದ್ದು 1918ರ ಮಾರ್ಚ್‌ನಲ್ಲಿ, ಏಪ್ರಿಲ್ ನಡುಭಾಗದೊಳಗೆ ಆ ಕೆಲಸ ಮುಗಿಯಬೇಕಿತ್ತು. ಯಾವುದೋ ಒಂದು ವಿಮಾನ ತಡವಾಗಿ ಬದಲಾಗಿರಬಹುದಾದ್ದರಿಂದ ಇದೊಂದೇ ಸಾಲದು. ಎರಡು, ಹಿನ್ನೆಲೆಯ ಮರಗಳು ತುಂಬು ಎಲೆಯಲ್ಲಿವೆ. ಏಪ್ರಿಲ್ ಮೂರನೆಯ ವಾರದಲ್ಲಿ ಉತ್ತರ ಫ್ರಾನ್ಸಿನ ಮರಗಳಲ್ಲಿ ಅಷ್ಟು ಎಲೆ ಇರುವುದಿಲ್ಲ. ಕಾಪಿ ಇರುವ ಸೊಮ್ ಪ್ರದೇಶವಂತೂ 1916ರ ಕದನದಲ್ಲಿ ಜರ್ಜರಿತವಾದ ನೆಲ. ಮೂರನೆಯದು ಬಾಲ. ಮೊದಲು ರಣರಂಗಕ್ಕೆ ಬಂದ ಫೋಕರ್ ಟ್ರೈಪ್ಲೇನುಗಳು ಎರಡೇ: ಎಫ್.ಐ ಎಂಬ ಹೆಸರಿನ, 102/17 ಮತ್ತು 103/17 ಸಂಖ್ಯೆಯವು. ಅವುಗಳ ಬಾಲದ ಅಡ್ಡರೆಕ್ಕೆಯ ಮುಂದಿನ ಅಂಚು ಸ್ವಲ್ಪ ಬಾಗಿತ್ತು; ಆಮೇಲೆ ಕಾರ್ಖಾನೆಯಿಂದ ಸಾಲಾಗಿ ಬಂದ ಡಿಆರ್.ಐ ವಿಮಾನಗಳಲ್ಲಿ ಅದು ನೇರ. ಇದು ಗೊತ್ತಾದರೆ ತಿಂಗಳೇನು, ವಾರವನ್ನೇ ಹೇಳಬಹುದು. ಏಕೆಂದರೆ ಆ ಎರಡು ವಿಮಾನಗಳು ಬೆಲ್ಜಿಯಮ್ಮಿನ ಕೋರ್ಟ್ರೈಕ್ ಬಳಿ ಇದ್ದ ರಿಖ್ಟ್‌ಹೋಫೆನ್‌ನ ಪಡೆಗೆ ಬಂದದ್ದು 1917ರ ಆಗಸ್ಟ್ 28ರಂದು. 102/17ರಲ್ಲಿ ಕುರ್ಟ್ ವೋಲ್ಫ್ ಸೆಪ್ಟೆಂಬರ್ 15ರಂದು ಸತ್ತ, 103/17ರಲ್ಲಿ ವೆರ್ನರ್ ಫೋಸ್ ಸೆಪ್ಟೆಂಬರ್ 23ರಂದು ಸತ್ತ. ನಾಲ್ಕು ವಾರಗಳೂ ಪೂರ್ತಿಯಾಗದ ಆಯಸ್ಸು. ನಿಮ್ಮ ಫ್ರೇಮಿನಲ್ಲಿ ಉಳಿದಿರುವ ಬಾಲದ ತುಂಡು ಬಾಗಿದಂತೆ ತೋರುತ್ತದೆ, ಆದರೆ ಧ್ವನಿಪಟ್ಟಿ ಅದನ್ನು ಕತ್ತರಿಸಿದ ಜಾಗದಲ್ಲಿ ನಾನು ಆಣೆ ಮಾಡಿ ಹೇಳಲಾರೆ. ಅದು ಡಿಆರ್.ಐ ಆಗಿದ್ದರೆ ದೃಶ್ಯ ಅಕ್ಟೋಬರ್‌ಗೆ ಜಾರುತ್ತದೆ.

ಈಗ ಆ ವಾರಗಳಲ್ಲಿ, ಆ ಪಡೆಯಲ್ಲಿ, ಟ್ರೈಪ್ಲೇನಿನ ಪಕ್ಕದಲ್ಲಿ, ಕೊರಳಲ್ಲಿ ಬ್ಲೂ ಮ್ಯಾಕ್ಸ್ ಹಾಕಿಕೊಂಡು ಯಾರು ನಿಂತಿರಬಹುದು ಎಂದು ಕೇಳಿಕೊಳ್ಳಿ. ಮೊದಲನೆಯವನು ರಿಖ್ಟ್‌ಹೋಫೆನ್. ಆತ ಸೆಪ್ಟೆಂಬರ್ 1ರಂದು 102/17ರಲ್ಲಿಯೇ ಹಾರಿ 60ನೆಯ ಗೆಲುವು ಪಡೆದ, ಕೆಲವೇ ದಿನಗಳಲ್ಲಿ ರಜೆಯ ಮೇಲೆ ಹೋದ. ಎರಡನೆಯವನು ಫೋಸ್. ಆಗ ಅವನ ವಯಸ್ಸು 20. ತೆಳ್ಳಗಿನ ಮೈಕಟ್ಟು, ನಗುಮುಖ, ಏಪ್ರಿಲ್‌ನಿಂದಲೇ ಬ್ಲೂ ಮ್ಯಾಕ್ಸ್ ಇತ್ತು. ನಿಮ್ಮ ಅಧಿಕಾರಿಗೆ ಅತಿ ಹತ್ತಿರದ ಪ್ರತಿಸ್ಪರ್ಧಿ ಇವನೇ. ಇವನ ವಿಮಾನದ ಎಂಜಿನ್ ಮುಚ್ಚಳದ ಮೇಲೆ ಕಣ್ಣು ಮತ್ತು ಮೀಸೆಯ ಮುಖವೊಂದನ್ನು ಬರೆದಿತ್ತು. ನಿಮ್ಮ ತುಣುಕಿನ ವಿಮಾನಕ್ಕೆ ಅದಿಲ್ಲ; ಆದರೆ ವಿಮಾನ ಬಂದ ಮೊದಲ ದಿನಗಳಲ್ಲಿ ಅದನ್ನು ಇನ್ನೂ ಬರೆದಿರದ ಸಾಧ್ಯತೆಯನ್ನು ತಳ್ಳಿಹಾಕಲಾಗದು. ಮೂರನೆಯವನು ವೋಲ್ಫ್, ಜುಲೈನಲ್ಲಿ ಗಾಯಗೊಂಡು ಸೆಪ್ಟೆಂಬರ್‌ನಲ್ಲಷ್ಟೇ ಪಡೆಗೆ ಮರಳಿದವನು. ತಮ್ಮ ಲೋಥರ್ ಫಾನ್ ರಿಖ್ಟ್‌ಹೋಫೆನ್ ಮೇ ತಿಂಗಳಲ್ಲಿ ಗಾಯಗೊಂಡು ಸೆಪ್ಟೆಂಬರ್ ಕೊನೆಯವರೆಗೆ ದೂರವಿದ್ದ. ಹಾಗಾಗಿ ವಿಮಾನ ಎಫ್.ಐ ಎಂದು ಖಚಿತವಾದರೆ ಲೋಥರ್ ಪಟ್ಟಿಯಿಂದ ಬಿದ್ದುಹೋಗುತ್ತಾನೆ, ಡಿಆರ್.ಐ ಆದರೆ ಅವನೇ ಮುಂದೆ ಬರುತ್ತಾನೆ. ಬಾಲದ ಒಂದು ಅಂಚು ಒಬ್ಬ ಮನುಷ್ಯನನ್ನು ಚೌಕಟ್ಟಿನಿಂದ ಹೊರಗೆ ಹಾಕುತ್ತದೆ. ಯಾವ ಮುಖ ಹೋಲಿಕೆಯೂ ಇಷ್ಟು ಕೆಲಸ ಮಾಡದು.

ಆಗಸ್ಟ್ ಕೊನೆಯ ದೃಶ್ಯ ಎಂಬ ಊಹೆಗೆ ಪೂರಕವಾದ ಇನ್ನೊಂದು ಸಂಗತಿಯಿದೆ. ವಿಮಾನ ತಯಾರಕ ಆಂಟನಿ ಫೋಕರ್‌ಗೆ ಚಲನಚಿತ್ರದ ಹುಚ್ಚಿತ್ತು. ಹೊಸ ವಿಮಾನ ತೋರಿಸಲು ಆತ ಸ್ವತಃ ಕೋರ್ಟ್ರೈಕ್‌ಗೆ ಬಂದಿದ್ದ, ಅಲ್ಲಿ ಚಿತ್ರೀಕರಣವೂ ನಡೆದಿತ್ತು. ಅದೇ ದಿನಗಳಲ್ಲಿ ಜನರಲ್ ಸಿಕ್ಸ್ಟ್ ಫಾನ್ ಆರ್ಮಿನ್ ಮತ್ತು ಜರ್ಮನಿಯ ಚಾನ್ಸಲರ್ ಗೆಯೋರ್ಗ್ ಮಿಖಾಯೆಲಿಸ್ ಕೂಡ ಟ್ರೈಪ್ಲೇನ್ ನೋಡಲು ಬಂದಿದ್ದರು. ಮಿಖಾಯೆಲಿಸ್ ಚಾನ್ಸಲರ್ ಆಗಿದ್ದದ್ದು 1917ರ ಜುಲೈ ನಡುವಿನಿಂದ ಅಕ್ಟೋಬರ್ ಕೊನೆಯವರೆಗೆ ಮಾತ್ರ. ಆದ್ದರಿಂದ ಇಂಥ ಫಿಲ್ಮುಗಳಲ್ಲಿ ನಾಯಕನ ಮುಖಕ್ಕಿಂತ ಅಕ್ಕಪಕ್ಕದ ಹಿರಿಯರ ಮುಖಗಳು ಹೆಚ್ಚು ಉಪಯೋಗಕ್ಕೆ ಬರುತ್ತವೆ. ನಿಮ್ಮ ತುಣುಕಿನ ಕೊನೆಯ ಎರಡು ಸೆಕೆಂಡಿನಲ್ಲಿ ಬಲಬದಿಯಿಂದ ಬರುವ ಹಿರಿಯ ಅಧಿಕಾರಿ ಯಾರೆಂದು ಹುಡುಕುವುದು ಖಂಡಿತ ವ್ಯರ್ಥವಲ್ಲ.

ಬೆತ್ತ ಮತ್ತು ನಾಯಿಯನ್ನು ಜನ ತುಂಬ ನಂಬುತ್ತಾರೆ. ರಿಖ್ಟ್‌ಹೋಫೆನ್‌ಗೆ ಮೋರಿಟ್ಸ್ ಎಂಬ ಗ್ರೇಟ್ ಡೇನ್ ನಾಯಿ ಇದ್ದದ್ದು ನಿಜ. ಆದರೆ ವಿಮಾನನೆಲೆಗಳಲ್ಲಿ ನಾಯಿಗಳಿಗೆ ಬರವಿರಲಿಲ್ಲ, ಮೋರಿಟ್ಸ್ ಯಾರ ಕಾಲ ಬಳಿಯೂ ಕೂರಬಹುದಿತ್ತು. ಬೆತ್ತದ ಕಥೆ ಇನ್ನೂ ತೊಡಕಿನದು. ಆತನ ಬೆತ್ತ ಪಡೆಯ ನಾಯಕತ್ವದ ಗುರುತಾಗಿ ಆತನ ಸಾವಿನ ನಂತರ ವಿಲ್ಹೆಲ್ಮ್ ರೈನ್‌ಹಾರ್ಡ್‌ಗೆ, ಅವನು 1918ರ ಜುಲೈನಲ್ಲಿ ಸತ್ತ ಮೇಲೆ ಮುಂದೆ ನಾಜಿ ನಾಯಕನಾದ ಹೆರ್ಮಾನ್ ಗೋರಿಂಗ್‌ಗೆ ಹೋಯಿತು. ಆಗಿನ ಗೋರಿಂಗ್ ಸಪೂರ ಯುವಕ, ಕೊರಳಲ್ಲಿ ಅದೇ ಪದಕ, ಕೈಯಲ್ಲಿ ಅದೇ ಬೆತ್ತ. ಅವನ ಮುಂದಿನ ದಿನಗಳ ದಪ್ಪ ದೇಹವನ್ನಷ್ಟೇ ಬಲ್ಲವರು ಅವನನ್ನು ಆ ಚಿತ್ರಗಳಲ್ಲಿ ಗುರುತಿಸುವುದೇ ಕಷ್ಟ.

ಸಮವಸ್ತ್ರ ಇವೆರಡಕ್ಕಿಂತ ನಂಬಿಕಸ್ತ. ರಿಖ್ಟ್‌ಹೋಫೆನ್ ಉಲಾನ್ ಅಶ್ವದಳದಿಂದ ಬಂದವನಾದ್ದರಿಂದ ಎದೆಯ ಮೇಲೆ ಎರಡು ಸಾಲು ಗುಂಡಿಗಳ ಉಲಾಂಕಾ ಅಂಗಿಯನ್ನು ತೊಡುತ್ತಿದ್ದ. ಲೋಥರ್ ಡ್ರಾಗೂನ್ ದಳದವನು, ಫೋಸ್ ಹುಸ್ಸಾರ್ ದಳದವನು; ಇವೂ ಅಶ್ವದಳಗಳೇ, ಆದರೆ ಅಂಗಿ ಬೇರೆ. 1917ರ ಏಪ್ರಿಲ್‌ನಲ್ಲಿ ರಿಖ್ಟ್‌ಹೋಫೆನ್‌ಗೆ ರಿಟ್‌ಮೈಸ್ಟರ್, ಅಂದರೆ ಅಶ್ವದಳದ ಕ್ಯಾಪ್ಟನ್ ಹುದ್ದೆ ಸಿಕ್ಕಿದ್ದರಿಂದ ಹೆಗಲಪಟ್ಟಿಯಲ್ಲಿ ಎರಡು ನಕ್ಷತ್ರ ಇರಬೇಕು. ಲೆಫ್ಟಿನೆಂಟ್ ಆಗಿದ್ದ ಫೋಸ್‌ಗೆ ಒಂದೂ ಇರಬಾರದು. ನಿಮ್ಮ ಅಧಿಕಾರಿ ತುಪ್ಪಟದ ಕಾಲರಿನ ಕೋಟು ಹಾಕಿಕೊಂಡು ಈ ಎಲ್ಲವನ್ನೂ ಮುಚ್ಚಿದ್ದಾನೆ. ಆದರೆ ಅವನು ನಗುತ್ತ ಪಕ್ಕಕ್ಕೆ ತಿರುಗಿದಾಗ ಕೋಟಿನ ಅಂಚು ಸರಿದು ಒಂದು ಕ್ಷಣ ಎದೆಯ ಭಾಗ ಕಾಣುತ್ತದೆ. ಆ ಐದಾರು ಫ್ರೇಮುಗಳನ್ನು ಒಂದೊಂದಾಗಿ ನೋಡಿದೆ. ಗುಂಡಿಗಳ ಸಾಲೊಂದು ಬದಿಗೆ ಸರಿದು, ಹೆಗಲ ಕಡೆಗೆ ಓರೆಯಾಗಿ ಏರುವಂತೆ ತೋರುತ್ತದೆ. ಇದು ಉಲಾಂಕಾಗೆ ಹೊಂದುತ್ತದೆ, ನಡುವೆ ಒಂದೇ ಸಾಲು ಗುಂಡಿಯಿರುವ ಅಂಗಿಗೆ ಹೊಂದುವುದಿಲ್ಲ. ನಾನು ರಿಖ್ಟ್‌ಹೋಫೆನ್ ಕಡೆಗೆ ವಾಲುವುದಕ್ಕೆ ಮುಖಕ್ಕಿಂತ ಇದೇ ದೊಡ್ಡ ಕಾರಣ.

ವಿರುದ್ಧವಾಗಿ ನಿಲ್ಲಬಹುದಾದ ಒಂದು ಅಂಶವನ್ನೂ ಹೇಳಬೇಕು. 1917ರ ಜುಲೈ 6ರಂದು ಆತನ ತಲೆಗೆ ಗುಂಡು ತಾಗಿ ಗಂಭೀರ ಗಾಯವಾಗಿತ್ತು. ಆ ಬೇಸಿಗೆಯ ಹಲವು ಚಿತ್ರಗಳಲ್ಲಿ ತಲೆಗೆ ಸುತ್ತಿದ ಬ್ಯಾಂಡೇಜು ಎದ್ದು ಕಾಣುತ್ತದೆ. ನಿಮ್ಮ ತುಣುಕಿನಲ್ಲಿ ಟೋಪಿಯ ಕೆಳಗೆ ಬಿಳಿ ಬಟ್ಟೆಯೇನೂ ಕಾಣದು. ಕ್ಯಾಮೆರಾ ಒಂದೇ ಮಗ್ಗುಲಿನಿಂದ ನೋಡುತ್ತಿರುವುದರಿಂದ ಇದನ್ನು ನಿರಾಕರಣೆಗೆ ಬಳಸಲಾರೆ. ಅವನು ಟೋಪಿ ತೆಗೆಯುವ ಫ್ರೇಮೇನಾದರೂ ಮೂಲ ರೀಲಿನಲ್ಲಿದ್ದರೆ ಅದು ಚಿನ್ನ.

ಸಾಕ್ಷ್ಯಚಿತ್ರದ ನಿರೂಪಕನನ್ನು ಏಕೆ ಇಷ್ಟು ಸುಲಭವಾಗಿ ಬದಿಗಿಟ್ಟಿರಿ ಎಂದು ನೀವು ಕೇಳಬಹುದು. ವಾರ್ತಾಚಿತ್ರಗಳು ಹುಟ್ಟಿದ ಕಾಲದಿಂದಲೂ ಶೀರ್ಷಿಕೆಯೂ ಚಿತ್ರವೂ ಬೇರೆ ಬೇರೆ ದಾರಿಯಲ್ಲಿ ನಮ್ಮ ಕೈಸೇರಿವೆ. 1916ರ ಸೊಮ್ ಕದನದ ಬಗ್ಗೆ ಬ್ರಿಟಿಷರು ಅದೇ ವರ್ಷ ತೋರಿಸಿದ ಚಿತ್ರದಲ್ಲಿ ಸೈನಿಕರು ಕಂದಕದಿಂದ ಮೇಲೇರಿ ಮುನ್ನುಗ್ಗುವ ಪ್ರಸಿದ್ಧ ದೃಶ್ಯ ತರಬೇತಿ ಶಾಲೆಯೊಂದರಲ್ಲಿ ಅಭಿನಯಿಸಿ ತೆಗೆದದ್ದು. ಉಳಿದ ಬಹುಭಾಗ ನಿಜವೇ; ಎರಡೂ ಒಂದೇ ರೀಲಿನಲ್ಲಿವೆ. 1920–30ರ ದಶಕದ ಕಥಾಚಿತ್ರಗಳ ವಿಮಾನ ಕಾಳಗಗಳು ಆಮೇಲಿನ ಸಾಕ್ಷ್ಯಚಿತ್ರಗಳಿಗೆ ನಿಜವೆಂಬಂತೆ ನುಸುಳಿವೆ. ಹೆಸರಿನ ಗೊಂದಲ ಬೇರೆ: ‘ರಿಖ್ಟ್‌ಹೋಫೆನ್’ ಎಂದಷ್ಟೇ ಬರೆದ ಡಬ್ಬಿಯಲ್ಲಿ ದಾಯಾದಿ ವೋಲ್ಫ್ರಾಮ್ ಇರಬಹುದು. ಅವನು 1918ರಲ್ಲಿ ಅದೇ ಪಡೆಯಲ್ಲಿ ಹಾರಿ, ಎರಡನೆಯ ಮಹಾಯುದ್ಧದಲ್ಲಿ ವಾಯುಪಡೆಯ ಫೀಲ್ಡ್ ಮಾರ್ಷಲ್ ಆದವನು. ‘ರಿಖ್ಟ್‌ಹೋಫೆನ್ ಅಂತ್ಯಸಂಸ್ಕಾರ’ ಎಂಬ ಶೀರ್ಷಿಕೆಗೂ ಎರಡು ಅರ್ಥ: 1918ರ ಏಪ್ರಿಲ್ 22ರಂದು ಫ್ರಾನ್ಸಿನ ಬೆರ್ತಾಂಗ್ಲ್‌ನಲ್ಲಿ ಆಸ್ಟ್ರೇಲಿಯದ ಪೈಲಟ್‌ಗಳು ಶತ್ರುವಿಗೆ ಸೈನಿಕ ಗೌರವ ಸಲ್ಲಿಸಿದ್ದು ಒಂದು, 1925ರಲ್ಲಿ ಅವಶೇಷಗಳನ್ನು ಬರ್ಲಿನ್‌ಗೆ ತಂದು ಜರ್ಮನಿಯ ಅಧ್ಯಕ್ಷ ಹಿಂಡೆನ್‌ಬುರ್ಗ್ ಸಮ್ಮುಖದಲ್ಲಿ ಮಣ್ಣು ಮಾಡಿದ್ದು ಇನ್ನೊಂದು.

ಮುಖ ನೂರಕ್ಕೆ ನೂರು ಹೋಲಿದರೂ ವ್ಯಕ್ತಿ ಬೇರೆಯಾಗಿರಬಹುದು ಎಂಬುದಕ್ಕೆ ಎರಡನೆಯ ಮಹಾಯುದ್ಧವೇ ಒಂದು ದಾಖಲೆ ಕೊಟ್ಟಿದೆ. 1944ರ ಮೇ ತಿಂಗಳಲ್ಲಿ ಜರ್ಮನ್ನರ ಗಮನ ತಪ್ಪಿಸಲು ಬ್ರಿಟಿಷರು ತಮ್ಮ ಸೇನಾನಿ ಜನರಲ್ ಮಾಂಟ್ಗೊಮೆರಿಯನ್ನು ಹೋಲುವ ನಟ ಕ್ಲಿಫ್ಟನ್ ಜೇಮ್ಸ್‌ನನ್ನು ಅದೇ ವೇಷದಲ್ಲಿ ಜಿಬ್ರಾಲ್ಟರ್‌ಗೂ ಅಲ್ಜಿಯರ್ಸ್‌ಗೂ 'ಭೇಟಿ'ಗೆ ಕಳಿಸಿದರು. ಮುಖ, ಟೋಪಿ, ಹಾವಭಾವ ಎಲ್ಲವೂ ಸರಿಯಿತ್ತು. ವ್ಯತ್ಯಾಸ ಇದ್ದದ್ದು ಬಲಗೈಯಲ್ಲಿ: ಮೊದಲ ಯುದ್ಧದಲ್ಲಿ ಜೇಮ್ಸ್ ಒಂದು ಬೆರಳು ಕಳೆದುಕೊಂಡಿದ್ದ, ಅದಕ್ಕೆ ಕೃತಕ ಬೆರಳು ಜೋಡಿಸಬೇಕಾಯಿತು. ಮುಂದೆ 1958ರಲ್ಲಿ ಇದೇ ಘಟನೆ ಕಥಾಚಿತ್ರವಾದಾಗ ಜೇಮ್ಸ್ ಮಾಂಟ್ಗೊಮೆರಿಯ ಪಾತ್ರವನ್ನೂ ತನ್ನದೇ ಪಾತ್ರವನ್ನೂ ತಾನೇ ಮಾಡಿದ. ಹೀಗಾಗಿ 1944ರ ಮಾಂಟ್ಗೊಮೆರಿ ಎಂದು ಯಾರಾದರೂ ತುಣುಕು ತಂದುಕೊಟ್ಟರೆ ನಾನು ಮೊದಲು ಕೈಬೆರಳು ನೋಡುತ್ತೇನೆ.

ಕೊನೆಗೆ ಮುಖ ಹೋಲಿಸುವಾಗ ಹೇಗೆ ಮಾಡಬೇಕು? ಹೋಲಿಕೆಗೆ ಬಳಸುವ ಚಿತ್ರ ಆದಷ್ಟು ಅದೇ ದಿನಗಳದ್ದಾಗಿರಲಿ. ನಿಮ್ಮ ಅದೃಷ್ಟಕ್ಕೆ ಸೆಪ್ಟೆಂಬರ್ 3ರಂದು ರಿಖ್ಟ್‌ಹೋಫೆನ್ ಕೆಳಗಿಳಿಸಿದ ಬ್ರಿಟಿಷ್ ಪೈಲಟ್‌ನ ಜೊತೆ ಅವನೂ ಫೋಕರ್‌ನೂ ಇರುವ ಚಿತ್ರಗಳು ಪ್ರಕಟವಾಗಿವೆ. ಆ ವಾರ ಅವನು ಹೇಗಿದ್ದನೆಂದು ತಿಳಿಯಲು ಅವು ಸ್ಟುಡಿಯೋದಲ್ಲಿ ತೆಗೆದು ತಿದ್ದಿದ ಅಂಚೆಕಾರ್ಡು ಚಿತ್ರಗಳಿಗಿಂತ ಎಷ್ಟೋ ಮೇಲು. ಕಿವಿಯ ಆಕಾರ, ಕಿವಿಹಾಲೆ ಕೆನ್ನೆಗೆ ಅಂಟಿದೆಯೋ ಬಿಡಿಯಾಗಿದೆಯೋ, ಮೂಗಿನ ಬುಡಕ್ಕೂ ಗದ್ದಕ್ಕೂ ಇರುವ ಅಂತರದ ಪ್ರಮಾಣ ಇವು ನಗು ಮತ್ತು ಬೆಳಕಿನಿಂದ ಅಷ್ಟಾಗಿ ಬದಲಾಗುವುದಿಲ್ಲ. ಕಣ್ಣು ಮತ್ತು ಬಾಯಿ ಬದಲಾಗುತ್ತವೆ. ಹೋಲಿಸುವವರಿಗೆ ಹೆಸರು ಹೇಳಬೇಡಿ. ರಿಖ್ಟ್‌ಹೋಫೆನ್, ಲೋಥರ್, ಫೋಸ್, ವೋಲ್ಫ್ ಇವರ ಚಿತ್ರಗಳನ್ನು ಹೆಸರಿಲ್ಲದೆ ಮುಂದಿಟ್ಟು, ‘ಇವರಲ್ಲಿ ಯಾರಾದರೂ ಇದ್ದಾರೆಯೇ, ಅಥವಾ ಯಾರೂ ಅಲ್ಲವೇ’ ಎಂದು ಒಬ್ಬೊಬ್ಬರನ್ನೇ ಪ್ರತ್ಯೇಕವಾಗಿ ಕೇಳಿ. ‘ಇವನು ರೆಡ್ ಬ್ಯಾರನ್ ಅಲ್ಲವೇ?’ ಎಂದು ಕೇಳಿದರೆ ಹೌದೆನ್ನುವವರೇ ಹೆಚ್ಚು.

ಈ ತುಣುಕನ್ನು ಎಲ್ಲಿಯಾದರೂ ದಾಖಲಿಸುವುದಾದರೆ ಸದ್ಯಕ್ಕೆ ಹೀಗೆ ಬರೆಯಿರಿ: ‘ಫೋಕರ್ ಟ್ರೈಪ್ಲೇನ್, ಕಾರ್ಖಾನೆಯ ಬಣ್ಣದಲ್ಲಿ, ಜರ್ಮನ್ ಅಧಿಕಾರಿಗಳು, ಬಹುಶಃ ಕೋರ್ಟ್ರೈಕ್, ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರ್ 1917, ನಡುವಿನ ಅಧಿಕಾರಿ ಬಹುಶಃ ಮ್ಯಾನ್‌ಫ್ರೆಡ್ ಫಾನ್ ರಿಖ್ಟ್‌ಹೋಫೆನ್, ಸಮವಸ್ತ್ರದ ಆಧಾರದ ಮೇಲೆ, ವೆರ್ನರ್ ಫೋಸ್ ಸಾಧ್ಯತೆ ತಳ್ಳಿಹಾಕಿಲ್ಲ.’ ‘ಬಹುಶಃ’ ಎಂಬುದನ್ನು ಅಳಿಸಬೇಡಿ, ಯಾವ ಆಧಾರದ ಮೇಲೆ ಎಂಬುದನ್ನು ಬಿಡಬೇಡಿ. ಆಮೇಲೆ ಸಾಕ್ಷ್ಯಚಿತ್ರದ ತಯಾರಕರು ಆ ದೃಶ್ಯವನ್ನು ಯಾವ ಸಂಗ್ರಹದಿಂದ ಪಡೆದರೆಂದು ಪತ್ತೆಹಚ್ಚಿ. ಕೊನೆಯ ಶೀರ್ಷಿಕೆಪಟ್ಟಿಯಲ್ಲಿ ಅದು ಸಾಮಾನ್ಯವಾಗಿ ಇರುತ್ತದೆ. ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂ ಮತ್ತು ಜರ್ಮನಿಯ ರಾಷ್ಟ್ರೀಯ ದಾಖಲೆ ಭಂಡಾರವಾದ ಬುಂಡೆಸ್‌ಆರ್ಖೀವ್ ಮೊದಲು ಕೇಳಬೇಕಾದ ಎರಡು ಬಾಗಿಲುಗಳು. ಕೇಳುವಾಗ ‘ಸ್ಪಷ್ಟವಾದ ಪ್ರತಿ’ ಎನ್ನಬೇಡಿ, ಹಾಗೆಂದರೆ ತಿದ್ದಿ ಹೊಳಪು ಕೊಟ್ಟದ್ದೇ ಬರುತ್ತದೆ. ಧ್ವನಿಪಟ್ಟಿಗೆ ಕತ್ತರಿಸದ, ರಂಧ್ರದಿಂದ ರಂಧ್ರದವರೆಗಿನ ಪೂರ್ಣ ಚೌಕಟ್ಟಿನ ಸ್ಕ್ಯಾನ್ ಬೇಕೆಂದು ಕೇಳಿ. ಬಂದ ಮೇಲೆ ಬಾಲದ ಮುಂದಿನ ಅಂಚನ್ನೂ ಕೋಟು ಸರಿಯುವ ಆ ಐದಾರು ಫ್ರೇಮುಗಳನ್ನೂ ಮೊದಲು ನೋಡಿ, ಅವನ್ನೇ ನನಗೂ ಕಳಿಸಿ.